ಹತ್ತಿಯ ಕುಬೇರ ಪ್ರೇಮಚಂದ್ ರಾಯಚಂದ್

ಮುಂಬಯಿಯ ರಾಜಾಬಾಯಿ ಗೋಪುರಕ್ಕೆ ತಾಯಿಯ ಹೆಸರನ್ನಿರಿಸಿದ ದಾನಿ ಪ್ರೇಮಚಂದ್ ರಾಯಚಂದ್. 1865ರ ಆರ್ಥಿಕ ಪತನದೊಂದಿಗೂ ಬೆಸೆದುಕೊಂಡಿರುವುದು ಅವರ ಹೆಸರೇ.

1831ರಲ್ಲಿ ಸೂರತ್‌ನಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಹತ್ತಿ ಹಾಗೂ ಷೇರು ದಲ್ಲಾಳಿಯಾಗಿ ಬೆಳೆದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿಗೆ ಅಲ್ಲಿನ ಹತ್ತಿಯ ಕೊರತೆಯಾದಾಗ ಮುಂಬಯಿಗೆ ಹಣದ ಹೊಳೆ ಹರಿಯಿತು. ಕಡಲನ್ನು ತುಂಬಿ ನೆಲವಾಗಿಸಲು ಹೊರಟ ಬ್ಯಾಕ್‌ಬೇ ಕಂಪನಿಯಂಥವುಗಳ ಷೇರುಗಳು ಗಗನಕ್ಕೇರಿದವು.

ಸರ್ಕಾರವೇ ಪಾಲುದಾರನಾಗಿದ್ದ ಬ್ಯಾಂಕ್ ಆಫ್ ಬಾಂಬೆಯ ಸಾಲದ ಕಟ್ಟುಪಾಡುಗಳನ್ನು 1863ರ ಕಾಯ್ದೆ ಸಡಿಲಿಸಿತು. ಪ್ರೇಮಚಂದರ ಪ್ರಭಾವಕ್ಕೊಳಗಾದ ಬ್ಯಾಂಕಿನ ಆಡಳಿತ ಷೇರುಗಳನ್ನೇ ಆಧಾರವಾಗಿಟ್ಟುಕೊಂಡು ಧಾರಾಳವಾಗಿ ಸಾಲ ನೀಡಿತು. ಸರ್ಕಾರ ನೇಮಿಸಿದ ನಿರ್ದೇಶಕರೂ ಅದನ್ನು ತಡೆಯಲಿಲ್ಲ.

1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿದು ಷೇರುಗಳು ಬರಿಯ ಕಾಗದವಾದವು. ಬ್ಯಾಂಕು 1868ರಲ್ಲಿ ಮುಚ್ಚಿತು. ತನಿಖಾ ಆಯೋಗ ನೇಮಕವಾಯಿತು.

ನಷ್ಟದಲ್ಲಿ ಮುಳುಗಿದ ಪ್ರೇಮಚಂದ್ ಮತ್ತೆ ಚೇತರಿಸಿಕೊಂಡು 1906ರಲ್ಲಿ ನಿಧನರಾದರು. ದಲ್ಲಾಳಿಯ ದುರಾಸೆಗೆ ಬಾಗಿಲು ತೆರೆದುಕೊಟ್ಟವರು ಮಾತ್ರ ಕಾವಲಿಗೆ ನಿಂತವರೇ ಆಗಿದ್ದರು.