ರಿಷೆ ಮತ್ತು ನೆಪ್ಚೂನ್

ಶಾರ್ಲ್ ರಿಷೆ ಹುಟ್ಟಿದ್ದು 1850ರಲ್ಲಿ, ಪ್ಯಾರಿಸ್‌ನಲ್ಲಿ. ಓದಿದ್ದು ವೈದ್ಯಕೀಯ, ಹುಚ್ಚು ನೂರೆಂಟು. 1907ರಲ್ಲಿ ಬ್ರೆಗೆ ಸಹೋದರರ ಜೈರೋಪ್ಲೇನ್‌ಗೂ ಕೈ ಜೋಡಿಸಿದ್ರು ಅಂದ್ರೆ ನಮ್ಮ ಮೆಕ್ಯಾನಿಕಲ್‌ನವರಿಗೆ ಖುಷಿಯಾಗಬಹುದು. (ದೆವ್ವಗಳ ಬೆನ್ನು ಹತ್ತಿದ್ದು ಬೇರೆ ಕಥೆ.)

ನಮಗೆ ಮುಖ್ಯವಾದದ್ದು ನೆಪ್ಚೂನ್ ಎಂಬ ನಾಯಿ. ವಿಷ ಸ್ವಲ್ಪ ಸ್ವಲ್ಪ ಕೊಟ್ಟರೆ ದೇಹ ಒಗ್ಗಿಕೊಳ್ಳುತ್ತೆ ಅನ್ನೋದು ಆಗಿನ ನಂಬಿಕೆ. ರಿಷೆ ಮತ್ತು ಪೋರ್ಟಿಯೆ ಕೊಟ್ಟ ಸಮುದ್ರಜೀವಿಯೊಂದರ ವಿಷ ಮೊದಲ ಸಲ ನೆಪ್ಚೂನ್‌ಗೆ ಏನೂ ಮಾಡಲಿಲ್ಲ. 22 ದಿನ ಬಿಟ್ಟು ಅಷ್ಟೇ ಡೋಸ್ ಕೊಟ್ಟರು. ಕೆಲವೇ ಸೆಕೆಂಡಲ್ಲಿ ಏದುಸಿರು, ಆಮೇಲೆ ವಾಂತಿ. 25 ನಿಮಿಷಕ್ಕೆ ಸತ್ತೇ ಹೋಯಿತು. 1902ರಲ್ಲಿ ಇದಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟರು. 1913ರಲ್ಲಿ ರಿಷೆಗೆ ನೊಬೆಲ್ ಬಂತು, 1935ರಲ್ಲಿ ತೀರಿಕೊಂಡರು.

ಆಹಾರದ ಅಲರ್ಜಿಯೂ ಇದೇ ದಾರಿ ಹಿಡಿಯಬಹುದು. ಹೋದ ಸಲ ಶೇಂಗಾ ಚಟ್ನಿಗೆ ಬರೀ ತುರಿಕೆ ಬಂದಿತ್ತು ಅನ್ನೋ ಲೆಕ್ಕ ಈ ಸಲ ನಡೆಯದೇ ಇರಬಹುದು. ಮೆಸ್‌ನಲ್ಲಿ ಊಟ ಮಾಡ್ತಾ ಯಾರಿಗಾದರೂ ತುಟಿ ಊದಿ, ಗಂಟಲು ಬಿಗಿದು, ಉಸಿರಿಗೆ ಕಷ್ಟವಾದರೆ ಕಾಯಬಾರದು. ಮೈಮೇಲೆ ದದ್ದು ಏಳದೆಯೂ ಇರಬಹುದು. ವೈದ್ಯರು ಕೊಟ್ಟ ಅಡ್ರಿನಲಿನ್ ಪೆನ್ ಅವರ ಬ್ಯಾಗಲ್ಲಿದ್ದರೆ ತಕ್ಷಣ ತೊಡೆಯ ಹೊರಬದಿಗೆ ಚುಚ್ಚಿ, 108ಕ್ಕೆ ಫೋನ್ ಮಾಡೋಣ. ಮಲಗಿಸೋಣ, ಉಸಿರಾಡೋಕೆ ಆಗ್ತಿಲ್ಲ ಅಂದ್ರೆ ಕೂರಿಸೋಣ. ರೂಮಿಗೆ ನಡೆಸಿಕೊಂಡು ಹೋಗೋದು ಮಾತ್ರ ಬೇಡ.