ಸುಹ್ರವರ್ದಿ: ಪಾಕ್ ಮಾಜಿ ಪ್ರಧಾನಿಗೇ ರಾಜಕೀಯ ನಿಷೇಧಿಸಿದ್ದ ಅಯೂಬ್ ಸರ್ಕಾರ

ಹುಸೇನ್ ಶಹೀದ್ ಸುಹ್ರವರ್ದಿ ಎಂದರೆ ಭಾರತದಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1946ರ ಕಲ್ಕತ್ತಾ ಹತ್ಯಾಕಾಂಡ. ಆಗ ಅವಿಭಜಿತ ಬಂಗಾಳದ ಸರ್ಕಾರ ಅವರ ಕೈಯಲ್ಲೇ ಇತ್ತು. ಆ ಕಳಂಕ ಇಂದಿಗೂ ಅಳಿಸಿಲ್ಲ, ಅಳಿಸುವಂಥದ್ದೂ ಅಲ್ಲ. ಆದರೆ ಅವರ ಕೊನೆಯ ಐದು ವರ್ಷಗಳ ಕಥೆಯೇ ಬೇರೆ.

1892ರಲ್ಲಿ ಮಿಡ್ನಾಪುರದಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿದ ಸುಹ್ರವರ್ದಿ ವಕೀಲರು. 1954ರ ಪೂರ್ವ ಪಾಕಿಸ್ತಾನ ಚುನಾವಣೆಯಲ್ಲಿ ಅವರು, ಫಜಲುಲ್ ಹಕ್ ಮತ್ತು ಭಾಶಾನಿ ಸೇರಿ ಕಟ್ಟಿದ ಯುನೈಟೆಡ್ ಫ್ರಂಟ್ ಮುಸ್ಲಿಂ ಲೀಗನ್ನು ಧೂಳೀಪಟ ಮಾಡಿತು. ಎರಡು ತಿಂಗಳೊಳಗೆ ಕೇಂದ್ರ ಆ ಸರ್ಕಾರವನ್ನೇ ವಜಾ ಮಾಡಿತು. ಪ್ರಾಂತ್ಯದ ಮತಕ್ಕೆ ಎಷ್ಟು ಬೆಲೆ ಎಂಬುದು ಸೈನ್ಯ ಬರುವ ಮೊದಲೇ ಗೊತ್ತಾಗಿತ್ತು! 1956ರಲ್ಲಿ ಸುಹ್ರವರ್ದಿ ಪ್ರಧಾನಿಯಾದರು. ಉಳಿದದ್ದು 13 ತಿಂಗಳು.

1958ರ ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಜಾ ಮಾರ್ಷಲ್ ಲಾ ಹೇರಿದರು. ಸಂವಿಧಾನ ರದ್ದಾಯಿತು, ಪ್ರಾಂತ್ಯಗಳ ಅಸೆಂಬ್ಲಿಗಳು ವಿಸರ್ಜನೆಯಾದವು, ಪಕ್ಷಗಳಿಗೆ ನಿಷೇಧ ಬಿತ್ತು. ಅದಕ್ಕೂ ಎರಡು ವಾರ ಮೊದಲು ಢಾಕಾ ಅಸೆಂಬ್ಲಿಯ ಗಲಾಟೆಯಲ್ಲಿ ಗಾಯಗೊಂಡ ಡೆಪ್ಯುಟಿ ಸ್ಪೀಕರ್ ಶಾಹೇದ್ ಅಲಿ ಮೃತಪಟ್ಟಿದ್ದರು. ರಾಜಕಾರಣಿಗಳು ನಾಲಾಯಕ್ ಎನ್ನಲು ಸಿಕ್ಕ ನೆಪ ಅದು. ಭಾಶಾನಿ, ಮುಜಿಬುರ್ ರೆಹಮಾನ್ ಕೆಲವೇ ದಿನಗಳಲ್ಲಿ ಜೈಲು ಸೇರಿದರು. ಅಕ್ಟೋಬರ್ 27ಕ್ಕೆ ಮಿರ್ಜಾರನ್ನೂ ಹೊರದಬ್ಬಿ ಜನರಲ್ ಅಯೂಬ್ ಖಾನ್ ಗದ್ದುಗೆ ಹಿಡಿದರು.

ಅಯೂಬ್ ಬರೀ ಲಾಠಿಯನ್ನು ನಂಬಲಿಲ್ಲ, ಕಾನೂನನ್ನೂ ಬಳಸಿದರು. 1959ರಲ್ಲಿ ಬಂದ 'ಎಬ್ಡೋ' ಆದೇಶ ರಾಜಕಾರಣಿಗಳ ಮುಂದೆ ಎರಡೇ ದಾರಿ ಇಟ್ಟಿತು. ಒಂದೋ 1966ರ ಕೊನೆಯವರೆಗೆ ತಾವಾಗಿಯೇ ರಾಜಕೀಯ ಬಿಡಬೇಕು, ಇಲ್ಲವೇ ದುರ್ನಡತೆಯ ಆರೋಪಕ್ಕೆ ಟ್ರಿಬ್ಯುನಲ್ ಎದುರಿಸಬೇಕು. ಅನೇಕರು ಸುಮ್ಮನೆ ಹಿಂದೆ ಸರಿದರು. ಸುಹ್ರವರ್ದಿ ವಾದಕ್ಕೆ ನಿಂತು ಸೋತರು. ಪಕ್ಷಗಳ ಜಾಗಕ್ಕೆ 80,000 'ಬೇಸಿಕ್ ಡೆಮಾಕ್ರಾಟ್'ಗಳು ಬಂದರು. ಅಧ್ಯಕ್ಷರಿಗೆ ಮತ ಹಾಕುವವರೂ ಅವರೇ.

1962ರ ಜನವರಿ 30ರಂದು ಕರಾಚಿಯಲ್ಲಿ ಸುಹ್ರವರ್ದಿ ಬಂಧನವಾಯಿತು. ಢಾಕಾದ ವಿದ್ಯಾರ್ಥಿಗಳು ಬೀದಿಗಿಳಿದರು. ಪಕ್ಷಗಳೇ ಇಲ್ಲದ ಚುನಾವಣೆ ಮುಗಿದದ್ದು ಅವರು ಜೈಲಿನಲ್ಲಿದ್ದಾಗಲೇ. ಆಗಸ್ಟ್‌ನಲ್ಲಿ ಬಿಡುಗಡೆಯಾಗುವಷ್ಟರಲ್ಲಿ ಪಕ್ಷಗಳಿಗೆ ಮತ್ತೆ ಅನುಮತಿ ಸಿಕ್ಕಿತ್ತು. ಆದರೆ ಎಬ್ಡೋಗೆ ಸಿಕ್ಕವರು ಸದಸ್ಯರಾಗುವಂತಿರಲಿಲ್ಲ. ಹಾಗಾಗಿ ಅವಾಮಿ ಲೀಗನ್ನು ಎಬ್ಬಿಸುವ ಬದಲು, ಪಕ್ಷಭೇದವಿಲ್ಲದ ನ್ಯಾಷನಲ್ ಡೆಮಾಕ್ರಾಟಿಕ್ ಫ್ರಂಟ್ ಕಟ್ಟಿದರು.

1963ರ ಡಿಸೆಂಬರ್ 5ರಂದು ಬೈರುತ್‌ನ ಹೋಟೆಲ್ ಕೋಣೆಯಲ್ಲಿ ಅವರು ತೀರಿಕೊಂಡರು. ಢಾಕಾದಲ್ಲಿ ಫಜಲುಲ್ ಹಕ್ ಸಮಾಧಿಯ ಪಕ್ಕದಲ್ಲೇ ದಫನ ನಡೆಯಿತು. ಮರುತಿಂಗಳೇ ಮುಜಿಬ್ ಅವಾಮಿ ಲೀಗಿಗೆ ಮರುಜೀವ ಕೊಟ್ಟರು.