ಗಣಿಯ ಹೊಗೆಯ ಗುಟ್ಟು ಬಿಡಿಸಿದ ಹಾಲ್ಡೇನ್

ನಮ್ಮ ಸವದತ್ತಿ, ರಾಮದುರ್ಗ ಭಾಗದ ಹಿರಿಯರಿಗೆ ಹಗೇವು ಗೊತ್ತು. ಜೋಳ ತುಂಬಿದ ಹಗೇವಿನ ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬಾರದು. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲವೆಂದು ಅರ್ಥ. ಆದರೆ ದೀಪ ಉರಿಯುತ್ತಿದ್ದರೂ ಪ್ರಾಣ ತೆಗೆಯುವ ಗಾಳಿಯೊಂದಿದೆ. ಗಣಿಗಳಲ್ಲಿ ಅದರ ಕೃತ್ಯವನ್ನು ಬಯಲು ಮಾಡಿದವರು ಜಾನ್ ಸ್ಕಾಟ್ ಹಾಲ್ಡೇನ್.

ಇವರು 1860ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜನಿಸಿದರು. ಅಲ್ಲಿಯೇ ವೈದ್ಯಕೀಯ ಕಲಿತು, ಆಕ್ಸ್‌ಫರ್ಡ್‌ನಲ್ಲಿ ಶರೀರಶಾಸ್ತ್ರ ಬೋಧಿಸಿದರು. ಬಡವರ ಮನೆ, ಶಾಲಾ ಕೊಠಡಿ, ಚರಂಡಿಗಳ ಗಾಳಿಯನ್ನೂ ಪರೀಕ್ಷಿಸಿದರು.

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತರು. ಹಾಲ್ಡೇನ್ ಅಲ್ಲಿಗೆ ಹೋಗಿ ಶವಗಳನ್ನು ಪರೀಕ್ಷಿಸಿದರು. ಹೆಚ್ಚಿನವರು ಸತ್ತದ್ದು ಸ್ಫೋಟದ ಹೊಡೆತದಿಂದಲ್ಲ, ಬೆಂಕಿಯ ನಂತರ ಹರಡಿದ ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ಎಂದು ತೋರಿಸಿದರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತವನ್ನು ಹಿಡಿಯುತ್ತದೆ.

ಸುರಂಗದಲ್ಲಿ ಬಿಸಿ ಹೊಗೆ ಮೊದಲು ಮೇಲ್ಛಾವಣಿಗೆ ಏರಿ ಉದ್ದಕ್ಕೂ ಸಾಗುತ್ತದೆ. ತಣ್ಣಗಾದಂತೆ ಕೆಳಗಿಳಿದು ದಾರಿಯನ್ನೇ ತುಂಬುತ್ತದೆ. ಗಾಳಿ ಬೀಸುವ ದಿಕ್ಕಿಗೆ ವಿಷವೂ ಹೋಗುತ್ತದೆ. ಸ್ಫೋಟದಲ್ಲಿ ಗಾಳಿಗೆ ದಾರಿ ತೋರುವ ಬಾಗಿಲುಗಳು ಮುರಿದರೆ, ಬೆಂಕಿ ಕಾಣದಷ್ಟು ದೂರದಲ್ಲಿದ್ದವರೂ ಉಳಿಯುವುದಿಲ್ಲ.

ಹಾಲ್ಡೇನ್ ಈ ಅನಿಲವನ್ನು ತಾವೇ ಉಸಿರಾಡಿ, ತಮ್ಮ ರಕ್ತವನ್ನೇ ಪರೀಕ್ಷಿಸಿದ ಸಾಹಸಿ. ಸಣ್ಣ ಪ್ರಾಣಿಗಳಿಗೆ ವಿಷ ಬೇಗ ತಟ್ಟುವುದರಿಂದ ಇಲಿ ಅಥವಾ ಪುಟ್ಟ ಹಕ್ಕಿಯನ್ನು ಗಣಿಗೆ ಒಯ್ಯಲು ಸೂಚಿಸಿದರು. ಹೀಗೆ ಬಂದ ಕ್ಯಾನರಿ ಹಕ್ಕಿ ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಇತ್ತು. 1936ರಲ್ಲಿ ಹಾಲ್ಡೇನ್ ತೀರಿಕೊಂಡರು. ಅವರ ಮಗ, ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, 1957ರಲ್ಲಿ ಭಾರತಕ್ಕೆ ಬಂದು 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.

ನಮ್ಮ ನಾಡಿನಲ್ಲಿ 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗಿಂತ ಆಳವಿತ್ತು. ಅಲ್ಲಿ ಕೆಳಗೆ ಕಳಿಸುವ ಗಾಳಿಯೇ ಕಾರ್ಮಿಕರ ಪ್ರಾಣವಾಗಿತ್ತು. ನಮ್ಮ ಹೊಲದ ಬಾವಿಗೂ ಈ ಮಾತು ಸಲ್ಲುತ್ತದೆ. ಬಾವಿಯೊಳಗೆ ಡೀಸೆಲ್ ಅಥವಾ ಪೆಟ್ರೋಲ್ ಎಂಜಿನ್ ಇಳಿಸಿ ನಡೆಸಿದರೆ ಅದೇ ಅನಿಲ ತುಂಬುತ್ತದೆ. ಆಗ ದೀಪದ ಪರೀಕ್ಷೆಯನ್ನು ನಂಬುವಂತಿಲ್ಲ. ಒಳಗೆ ಒಬ್ಬರು ಬಿದ್ದರೆಂದು ಅವರ ಹಿಂದೆಯೇ ಇಳಿದವರೂ ಸಾಯುತ್ತಾರೆ. ಎಂಜಿನ್ ಮೇಲೆಯೇ ಇರಲಿ. ಅವಘಡವಾದರೆ ಅಗ್ನಿಶಾಮಕ ದಳವನ್ನು ಕರೆಯಿರಿ. ಈ ವಿಷಯವನ್ನು ಇಂದೇ ಮನೆಯಲ್ಲಿ ತಂದೆಯವರಿಗೆ, ಅಣ್ಣಂದಿರಿಗೆ ತಿಳಿಸಿರಿ.